ತುರುವೇಕೆರೆಯ ಕಲ್ಲು, ಗಂಜಾಮಿನ ಗುಂಬಜ್

ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಗುಂಬಜಿಗೆ ಹೋದವರು ಮೊದಲು ನೋಡುವುದು ಗೋರಿಗಳನ್ನಲ್ಲ, ಕಂಬಗಳನ್ನು. ಬಿಳಿಯ ಗುಮ್ಮಟದ ಕೆಳಗೆ ಹೊರಗಿನ ಮೊಗಸಾಲೆಯ ಸುತ್ತ 36 ಕಪ್ಪು ಕಂಬಗಳು ನಿಂತಿವೆ. ಬಿಸಿಲು ಬಿದ್ದರೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ. ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೊಡನೆ ಅಲ್ಲಿಗೆ ಹೋಗಿದ್ದಾಗ, ಪಕ್ಕದಲ್ಲೇ ನಿಂತಿದ್ದ ಒಬ್ಬರು ಕಂಬವೊಂದನ್ನು ತಟ್ಟಿ ತೋರಿಸುತ್ತ ತಮ್ಮ ಮಗನಿಗೆ, "ಇವೆಲ್ಲ ಯಾವುದೋ ಗುಡಿ ಕೆಡವಿ ತಂದಿರೋ ಕಂಬಗಳು ಕಣೋ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಊರ ಹೊಳೆಯ ಹೆಸರು ಹೇಳುವ ಹಾಗೆ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿ ಮುಂದೆ ಹೋದರು. ನಾವೂ ಸುಮ್ಮನಿದ್ದೆವು. ಅಲ್ಲವೆಂದು ಹೇಳಲು ನಮಗೂ ಏನೂ ಗೊತ್ತಿರಲಿಲ್ಲವಲ್ಲ! ಮಗಳು ಮಾತ್ರ ನಮ್ಮ ಮುಖ ನೋಡಿ, "ಹೌದಾ ಅಬ್ಬಾ?" ಎಂದಳು. "ನೋಡೋಣ" ಎಂದು ಜಾರಿಕೊಂಡೆವು.

ಉತ್ತರ ಸಿಕ್ಕಿದ್ದು ನಮ್ಮ ಮನೆ ಬಾಗಿಲಲ್ಲೇ. ಹಳೆಯ ಮೈಸೂರು ಗೆಜೆಟಿಯರಿನಲ್ಲಿ, ತುಮಕೂರು ಜಿಲ್ಲೆಯ ಕಲ್ಲು ಮಣ್ಣುಗಳ ವಿವರ ಹೇಳುವ ಕಡೆ, ತುರುವೇಕೆರೆಯ ಬಳಿ ಹಾರ್ನ್‌ಬ್ಲೆಂಡ್ ಎಂಬ ಕರಿಕಲ್ಲಿನ ಸಣ್ಣ ಗಣಿಯಿದೆಯೆಂದೂ ಶ್ರೀರಂಗಪಟ್ಟಣದ ಗೋರಿಯ ಕಂಬಗಳ ಕಲ್ಲು ಅಲ್ಲಿಯದೆಂದೂ ದಾಖಲಾಗಿದೆ. ಬರೆದವರು ಬಿ.ಎಲ್. ರೈಸ್. ಸುಲ್ತಾನರ ಪಕ್ಷ ವಹಿಸುವ ಅಗತ್ಯ ಅವರಿಗೇನೂ ಇರಲಿಲ್ಲ. ತಿಪಟೂರಿನಲ್ಲಿ ಹುಟ್ಟಿ ಬೆಳೆದ ನಮಗೆ ತುರುವೇಕೆರೆ ಒಂದು ಗಂಟೆಯೊಳಗಿನ ಬಸ್ ದಾರಿ. ನೆಂಟರ ಊರು. ಅಲ್ಲಿಯ ಕಲ್ಲನ್ನು ನೂರು ಕಿಲೋಮೀಟರಿನಾಚೆ ಹೋಗಿ ಕಂಡು, ಅದು ಯಾರದೆಂದು ತಿಳಿಯದೆ ತಲೆ ತಗ್ಗಿಸಿ ಬಂದಿದ್ದೆವು.

ಗುಡಿಯ ಕಂಬಗಳನ್ನು ಮಸೀದಿಗೆ ಬಳಸಿದ್ದು ಎಲ್ಲೂ ಇಲ್ಲವೆಂದು ನಾವು ಹೇಳುತ್ತಿಲ್ಲ. ದೆಹಲಿಯ ಕುತುಬ್ ಆವರಣದ ಮಸೀದಿಯಲ್ಲಿ 27 ಗುಡಿಗಳ ಸಾಮಗ್ರಿ ಬಳಸಿದ್ದನ್ನು ಅಲ್ಲಿಯ ಶಾಸನವೇ ಹೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಒಪ್ಪಬೇಕು. ಆದರೆ ಗಂಜಾಮಿನ ಕಂಬಗಳ ಕಥೆ ಅದಲ್ಲ. ಅವನ್ನು ನೆಲದಿಂದ ಕಿತ್ತು, ಕಡೆದು, ನಯಗೊಳಿಸಿ, ಹೊತ್ತು, ನಿಲ್ಲಿಸಿದವರು ನಮ್ಮ ಸೀಮೆಯ ಜನ. ನಮ್ಮ ಕುತೂಹಲ ಅಲ್ಲಿಂದಾಚೆಗೆ ರಾಜರನ್ನು ಬಿಟ್ಟು ಈ ಕೆಲಸದ ಕಡೆಗೆ ತಿರುಗಿತು. ಕ್ರೇನ್ ಇಲ್ಲದ ಕಾಲದಲ್ಲಿ ಕಲ್ಲನ್ನು ಎತ್ತುವುದು ಹೇಗೆ? ಎತ್ತಿದ ಮೇಲೆ, ಕೂರುವ ತನಕ ಅದನ್ನು ಹಿಡಿದುಕೊಳ್ಳುವುದು ಹೇಗೆ?

ಮೊದಲು ಕಾಲವನ್ನು ನೋಡಿ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ದಂಡಿನ ಬೀಡಿನಲ್ಲಿ. ದೇಹವನ್ನು ಮೊದಲು ಕೋಲಾರಕ್ಕೆ ತಂದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಟಿಪ್ಪು ಸುಲ್ತಾನ್ ಗುಂಬಜನ್ನು ಕಟ್ಟಿಸಿದ್ದು 1782-84ರಲ್ಲಿ. ಆಗ ಎರಡನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಮಂಗಳೂರಿನ ಒಪ್ಪಂದವಾಗಿ ಅದು ನಿಂತದ್ದು 1784ರ ಮಾರ್ಚಿನಲ್ಲಿ. ಒಂದು ಕಡೆ ತೋಪುಗಾಡಿಗಳು ಉರುಳುತ್ತಿರುವಾಗ ಇನ್ನೊಂದು ಕಡೆ ಗೋರಿಯ ಕೆಲಸ. ಶ್ರೀರಂಗಪಟ್ಟಣದಲ್ಲಿ ಇವತ್ತು ನಾವು ನೋಡುವ ವೆಲ್ಲೆಸ್ಲಿ ಸೇತುವೆ ಪೂರ್ಣಯ್ಯನವರ ಕಾಲದ್ದು, 1804ರದ್ದು. ಕಂಬಗಳು ಬರುವಾಗ ಅದು ಇರಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿದೆವು. ಈ ಜಾತಿಯ ಕರಿಕಲ್ಲು ನೀರಿಗಿಂತ ಮೂರು ಪಟ್ಟು ಭಾರ. ಒಂದು ಘನ ಅಡಿಗೆ 85 ಕಿಲೋ ಆಸುಪಾಸು. ಒಂದು ಅಡಿ ಚಚ್ಚೌಕದ, ಹತ್ತು ಅಡಿ ಉದ್ದದ ದಿಂಡು ಎಂದರೂ 850 ಕಿಲೋ ಆಯಿತು. ದಿಂಡಿನ ದಪ್ಪ ಒಂದೂವರೆ ಅಡಿಯಾದರೆ ಹತ್ತೊಂಬತ್ತು ಕ್ವಿಂಟಾಲ್. ಗಣಿಯಿಂದ ಬರುವಾಗ ಕಲ್ಲು ನಯವಾಗಿರುವುದಿಲ್ಲ, ಮೈಮೇಲೆ ಇನ್ನಷ್ಟು ಹೊರೆ ಇರುತ್ತದೆ. ಇಂಥವನ್ನು ಗಾಡಿಗೆ ಏರಿಸಬೇಕು, ಹಳ್ಳ ದಾಟಿಸಬೇಕು, ಇಳಿಸಬೇಕು, ಒಡೆಯದಂತೆ ನಿಲ್ಲಿಸಬೇಕು. ಒಂದಲ್ಲ, 36.

ಎಳೆಯುವುದಕ್ಕೆ ಎತ್ತುಗಳಿದ್ದವು. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಲ್ಲಿ ಈಗಲೂ "ಅಮೃತ್ ಮಹಲ್ ಕಾವಲು" ಎಂದು ಪಹಣಿಯಲ್ಲಿ ಕಾಣುವ ಹುಲ್ಲುಗಾವಲುಗಳು ಆ ದನಗಳಿಗೆ ಬಿಟ್ಟ ಜಾಗಗಳು. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದುದಕ್ಕೆ ಅಮೃತ್ ಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಈ ಎತ್ತುಗಳು ದಂಡಿನ ತೋಪು ಎಳೆಯುವುದರಲ್ಲಿ ಹೆಸರಾದವು. ತಿಪಟೂರಿನ ಹತ್ತಿರ ಕೋನೇಹಳ್ಳಿಯಲ್ಲಿರುವ ತಳಿ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ದರೆ ಆ ಕೊಂಬುಗಳನ್ನು ಇವತ್ತೂ ನೋಡಬಹುದು.

ಆದರೆ ಎತ್ತು ಎಳೆಯುತ್ತದೆ, ಎತ್ತುವುದಿಲ್ಲ. ಎತ್ತುವುದಕ್ಕೆ ಮನುಷ್ಯ ಬೇಕು.

ಇದರ ಬಗ್ಗೆ ನಮಗೆ ಪಾಠ ಹೇಳಿದವರು ಒಬ್ಬ ಭೋವಿ ಹಿರಿಯರು. ಕಲ್ಲು ಒಡೆಯುವುದು, ಬಾವಿ ತೋಡುವುದು, ಚಪ್ಪಡಿ ಹಾಸುವುದು ಅವರ ತಲೆಮಾರುಗಳ ಕಸುಬು. ಅವರು ಹರೆಯದಲ್ಲಿ ಹಳ್ಳಿ ಚಾವಡಿಗಳಿಗೆ, ಗುಡಿಗಳ ಮುಂದಿನ ಮಂಟಪಗಳಿಗೆ, ಒಂದೆರಡು ಕಡೆ ಈದ್ಗಾದ ಗೋಡೆಗೂ ಕಲ್ಲು ನಿಲ್ಲಿಸಿದವರು. ನಾವು ಪುಸ್ತಕ ಓದಿದ ಗತ್ತಿನಲ್ಲಿ, "ಅಷ್ಟು ಭಾರ ಹ್ಯಾಗೆ ಎತ್ತುತ್ತಿದ್ದಿರಿ?" ಎಂದು ಕೇಳಿದಾಗ ಅವರು ನಕ್ಕರು.

"ಕಲ್ನ ಯಾರ್ ಎತ್ತಾರೆ ಸಾಬ್ರೇ? ಒಂದ್ ಬೆಟ್ಟು ಮೇಲೆದ್ರೆ ಸಾಕು. ಕೆಳಗೆ ಚಕ್ಕೆ ಕೊಡದೇ ಕೆಲ್ಸ. ಹಾರೆ ಹಿಡ್ದೋನು ಗಟ್ಟಿ ಇದ್ರಾಯ್ತು, ಚಕ್ಕೆ ಕೊಡೋನು ಬುದ್ವಂತ ಆಗಿರ್ಬೇಕು."

ಅವರು ಹೇಳಿದ್ದನ್ನು ಹೀಗೆ ತಿಳಿದುಕೊಂಡೆವು. ಮಲಗಿದ ಕಂಬದ ಒಂದು ತುದಿಯ ಕೆಳಗೆ ಹಾರೆಯ ಮೂತಿ ತೂರಿಸುತ್ತಾರೆ. ಹಾರೆಯ ಕೆಳಗೆ ಗಟ್ಟಿ ಗುಂಡುಕಲ್ಲು. ಆರಡಿಯ ಹಾರೆಗೆ ಮೂತಿಯಿಂದ ಅರ್ಧ ಅಡಿ ದೂರದಲ್ಲಿ ಈ ಗುಂಡು ಇಟ್ಟರೆ ಒತ್ತುವವನ ಬಲ ಹನ್ನೊಂದು ಪಟ್ಟಾಗುತ್ತದೆ. ಇದು ಸನ್ನೆಗೋಲಿನ ಲೆಕ್ಕ, ಮಕ್ಕಳ ವಿಜ್ಞಾನ ಪುಸ್ತಕದಲ್ಲಿದೆ. ಆದರೆ ಪುಣ್ಯಕ್ಕೆ ಬರುವುದು ಯಾವುದೂ ಇಲ್ಲ. ಕೈ ಎರಡಡಿ ಇಳಿದರೆ ಕಲ್ಲು ಏರುವುದು ಎರಡೇ ಅಂಗುಲ. ಆ ಎರಡು ಅಂಗುಲ ಎದ್ದ ಗಳಿಗೆಯಲ್ಲೇ ಇನ್ನೊಬ್ಬ ಕೈ ಹಾಕಿ ಸಂದಿಗೆ ಕಲ್ಲಿನ ಚಕ್ಕೆಯನ್ನೋ ಮರದ ತುಂಡನ್ನೋ ಕೊಡಬೇಕು. ಹಾರೆ ಜಾರಿದರೆ ಕೈ ಹೋಯಿತು. ಕೊಟ್ಟ ಚಕ್ಕೆ ಸಡಿಲವಾದರೆ ಮುಂದಿನ ಸಲ ಕಲ್ಲು ಹೊರಳುತ್ತದೆ. ಹಾಗೆ ಒಂದು ತುದಿ, ಆಮೇಲೆ ಇನ್ನೊಂದು ತುದಿ, ಮತ್ತೆ ಮೊದಲಿನ ತುದಿ. ಮರದ ತುಂಡುಗಳನ್ನು ಅಡ್ಡ ಉದ್ದ ಪೇರಿಸುತ್ತ ಹೋದರೆ ಹೊತ್ತು ಮುಳುಗುವುದರೊಳಗೆ ಕಲ್ಲು ಎದೆಯೆತ್ತರಕ್ಕೆ ಬಂದಿರುತ್ತದೆ. ಯಾರೂ ಅದನ್ನು ಎತ್ತಿರುವುದಿಲ್ಲ!

ಕಂಬ ನಿಲ್ಲಿಸುವಾಗ ಬುಡ ಕೂರುವ ಕಡೆ ಗುಂಡಿ ತೋಡಿ, ಆ ಕಡೆಗೆ ಬುಡ ಮಾಡಿ ಮಲಗಿಸುತ್ತಾರೆ. ತಲೆಯ ಕಡೆಯನ್ನು ಮಾತ್ರ ಇದೇ ರೀತಿ ಏರಿಸುತ್ತ ಓರೆಯಾದ ಮೇಲೆ ಹಗ್ಗ ಕಟ್ಟುತ್ತಾರೆ. ಮುಂದಕ್ಕೆ ಎಳೆಯುವವರ ಕೂಗು ಜೋರಾಗಿರುತ್ತದೆ. "ಐಸಾ" ಎಂದು ಒಬ್ಬ ಎಳೆದರೆ "ಹೈಸಾ" ಎಂದು ಉಳಿದವರು. ನಮ್ಮ ಮೊಹಲ್ಲಾದ ಕೂಲಿಗಳೂ ಅದನ್ನೇ ಕೂಗುತ್ತಿದ್ದರು, ಈ ಮಾತು ಕನ್ನಡವೋ ಉರ್ದುವೋ ಎಂದು ಯಾರೂ ಕೇಳಿದ್ದಿಲ್ಲ. ಆದರೆ ಹಿರಿಯರ ಪ್ರಕಾರ ಎಳೆಯುವ ಹಗ್ಗಕ್ಕಿಂತ ಹಿಂದಿನ ಹಗ್ಗ ಮುಖ್ಯ. ನಿಲ್ಲುವ ಗಳಿಗೆಯಲ್ಲಿ ಕಂಬ ತಾನೇ ಮುಂದಕ್ಕೆ ವಾಲುತ್ತದೆ. ಹಿಂದೆ ಬಿಗಿಹಿಡಿದು ನಿಂತ ಇಬ್ಬರು ಮೂವರು ಬಾಯಿ ತೆರೆಯದೆ ಅದನ್ನು ತಡೆಯಬೇಕು.

ತೊಲೆಗಲ್ಲನ್ನು ಕಂಬಗಳ ನೆತ್ತಿಗೆ ಏರಿಸುವುದು ಇನ್ನೂ ದೊಡ್ಡ ಕೆಲಸ. ಅದಕ್ಕೆ ಮಣ್ಣಿನ ಏರಿ ಹಾಕಿ, ಮೇಲೆ ತೆಂಗಿನ ಮರದ ತುಂಡುಗಳನ್ನು ಅಡ್ಡ ಹಾಸಿ ಉರುಳಿಸಿಕೊಂಡು ಹೋಗುತ್ತಾರೆ. ಎಳೆ ಮರ ಆಗದು, ಬಲಿತ ಮರದ ಬುಡದ ಭಾಗ ಬೇಕು. ತೆಂಗು ಹೊರಗೆ ಕಬ್ಬಿಣ, ಒಳಗೆ ಹಿಟ್ಟು. ಬುಡದಲ್ಲಿ ಆ ಹೊರಗಿನ ಗಟ್ಟಿ ದಪ್ಪವಾಗಿರುತ್ತದೆ. ಕಟ್ಟುವುದಕ್ಕೆ ನಾರಿನ ಹಗ್ಗ. ನೀರಿಗೆ ಬೇಗ ಕೊಳೆಯದ ಹಗ್ಗ ಅದು. ಹೀಗೆ ನಮ್ಮ ಸೀಮೆಯ ಕಲ್ಪವೃಕ್ಷ ಕೊಬ್ಬರಿಗೆ ಮಾತ್ರ ಬಂದದ್ದಲ್ಲ. ಹಾರೆಗೆ ಬೇಕಾದ ಕಬ್ಬಿಣವೂ ದೂರದ್ದಲ್ಲ. 1800ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್ ಚಿಕ್ಕನಾಯಕನಹಳ್ಳಿ ಸುತ್ತಿನ ಗುಡ್ಡಗಳ ಕಬ್ಬಿಣದ ಅದಿರನ್ನು ಗುರುತು ಹಾಕಿಕೊಂಡಿದ್ದಾನೆ. ಆ ಗುಡ್ಡಗಳನ್ನು ಲಾರಿಗಟ್ಟಲೆ ಅಗೆದದ್ದು ನಮ್ಮ ಕಾಲದ ಇನ್ನೊಂದು ಕಥೆ.

ರಾಟೆಯೂ ಇತ್ತು. ಪಂಪ್‌ಸೆಟ್ ಬರುವ ಮುಂಚೆ ತೋಟಗಳಿಗೆ ನೀರುಣಿಸುತ್ತಿದ್ದ ಕಪಿಲೆ ಬಾವಿಯನ್ನು ನೆನಪಿಸಿಕೊಳ್ಳಿ. ಬಾವಿಯ ಬಾಯಿಗೆ ಗಾಲಿ, ಗಾಲಿಯ ಮೇಲೆ ಮಿಣಿ, ಮಿಣಿಯ ತುದಿಗೆ ತೊಗಲಿನ ಬಾನೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ನೀರು ಮೇಲೆ ಬರುತ್ತದೆ. ಎತ್ತಿನ ಕತ್ತಿನ ಬಲದ ಜೊತೆಗೆ ಅದರ ಮೈಭಾರವೂ ಕೆಲಸ ಮಾಡಲಿ ಎಂದೇ ಆ ಇಳಿಜಾರು. ಇದನ್ನು ಕಂಡುಹಿಡಿದವನು ಯಾವ ಮದರಸಕ್ಕೂ ಪಾಠಶಾಲೆಗೂ ಹೋಗಿದ್ದವನಲ್ಲವೇನೋ. ಭಾರ ಎತ್ತುವ ಬಹುಪಾಲು ವಿದ್ಯೆ ಆ ಕಪಿಲೆಯಲ್ಲೇ ಇದೆ.

ಭಾರ ಆನಿಸುವ ವಿದ್ಯೆ ನೋಡಬೇಕಾದರೆ ನಮ್ಮ ಕಡೆಯ ಕೊಬ್ಬರಿ ಅಟ್ಟ ನೋಡಬೇಕು. ಉಂಡೆ ಕೊಬ್ಬರಿ ಆಗಲು ಕಾಯಿ ಸಿಪ್ಪೆಯೊಡನೆ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಕೂರಬೇಕು. ಹತ್ತು ಸಾವಿರ ಕಾಯಿ, ಒಂದೊಂದು ಒಂದು ಕಿಲೋ ಎಂದರೂ ಹತ್ತು ಟನ್ ತಲೆಯ ಮೇಲೆ! ಅದರ ಕೆಳಗೆ ಜನ ಉಂಡು, ಮಲಗಿ, ಮಕ್ಕಳನ್ನು ಹೆತ್ತಿದ್ದಾರೆ. ನಮ್ಮ ಹಳೆಯ ಮನೆಗಳ ಕಂಬಗಳು ಅಷ್ಟು ದಪ್ಪ ಏಕೆಂದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ.

ಈ ಸೀಮೆಗೆ ಕಲ್ಲು ಎತ್ತುವ ಕೆಲಸ ಹೈದರನ ಕಾಲಕ್ಕೆ ಬಂದದ್ದೂ ಅಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ನೊಳಂಬರ ಕಾಲದ್ದು, ಒಂಬತ್ತನೆಯ ಶತಮಾನದ ಕೊನೆಯದು. ಅದರ ಮಾಡಿನಲ್ಲಿ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ಒಡೆಯರು. ಕತ್ತು ನೋಯುವ ತನಕ ನೋಡಿದರೂ ಸಾಲದು. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿಯಿದೆ. ಶಿಲ್ಪಿ ಹೊನ್ನೋಜ ತನ್ನ ಹೆಸರು ಕೊರೆದಿದ್ದಾನೆ. ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರ, ಚೆನ್ನಕೇಶವ, ಗಂಗಾಧರೇಶ್ವರ ಗುಡಿಗಳು. ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ಬಸವನ ಮೈಯ ಹೊಳಪು ಕಂಡವರಿಗೆ ಗಂಜಾಮಿನ ಕಂಬಗಳ ಹೊಳಪು ಹೊಸದೆನಿಸುವುದಿಲ್ಲ. ಶಿವನ ಬಸವನನ್ನೂ ಸುಲ್ತಾನನ ಕಂಬವನ್ನೂ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದು ಒಂದೇ ಬಗೆಯ ಪಳಗಿದ ಕೈ. ಹೊಯ್ಸಳ ಶಿಲ್ಪಿಗಳಿಗೆ ಹೆಸರು ಬರೆಯುವ ರೂಢಿಯಿತ್ತು. ರೂವಾರಿ ಮಲ್ಲಿತಮ್ಮ ನುಗ್ಗೇಹಳ್ಳಿ, ಜಾವಗಲ್, ಸೋಮನಾಥಪುರಗಳಲ್ಲಿ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಕೆತ್ತಿದವನ ಹೆಸರು ಉಳಿಯಿತು. ಆ ಕಲ್ಲನ್ನು ಅವನ ಮುಂದೆ ತಂದಿಟ್ಟು, ಕೆತ್ತಿದ ಮೇಲೆ ಮೂಗು ಮುಕ್ಕಾಗದಂತೆ ಗೋಡೆಗೆ ಏರಿಸಿದವನ ಹೆಸರು ಯಾವ ಶಿಲೆಯ ಮೇಲೂ ನಮಗೆ ಸಿಕ್ಕಿಲ್ಲ.

ಭಾರ ಸಾಗಿಸಿದ್ದನ್ನೇ ಕಥೆಯಾಗಿ ಬರೆದಿಟ್ಟವನು ಒಬ್ಬನಿದ್ದಾನೆ. ದೆಹಲಿಯ ಶಮ್ಸ್ ಸಿರಾಜ್ ಅಫೀಫ್. ಫಿರೋಜ್ ಷಾ ತುಘಲಕ್ 1367ರ ಸುಮಾರಿಗೆ ತೋಪ್ರಾ ಎಂಬ ಹಳ್ಳಿಯಿಂದ ಅಶೋಕನ ಕಂಬವೊಂದನ್ನು ದೆಹಲಿಗೆ ತರಿಸಿದ. 42 ಅಡಿಗೂ ಹೆಚ್ಚು ಉದ್ದ, ಒಂದೇ ಕಲ್ಲು, 27 ಟನ್ನಿನ ಅಂದಾಜು ತೂಕ. ಅಫೀಫ್ ಆಗ ಹನ್ನೆರಡು ವರ್ಷದ ಹುಡುಗ, ಕಣ್ಣಾರೆ ಕಂಡವನು. ಮುಪ್ಪಿನಲ್ಲಿ ಬರೆಯುವಾಗಲೂ ಆ ಹುಡುಗನ ಬೆರಗು ಅವನ ಪರ್ಷಿಯನ್ ಗದ್ಯದಲ್ಲಿ ಆರಿಲ್ಲ.

ಮೊದಲು ಸುತ್ತಲಿನ ಜನರಿಗೆಲ್ಲ ಬೂರುಗದ ಹತ್ತಿ ತರಲು ಅಪ್ಪಣೆಯಾಯಿತು. ಕಂಬದ ಸುತ್ತ ಹತ್ತಿಯ ರಾಶಿ ಹಾಸಿದರು. ಬುಡದ ಮಣ್ಣು ತೆಗೆದಾಗ ಕಂಬ ಹಾಸಿಗೆಯ ಮೇಲೆ ಒರಗಿತು. ಆಮೇಲೆ ಹತ್ತಿಯನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದರು. ಕೆಲವು ದಿನಗಳಲ್ಲಿ ಕಂಬ ಮೆಲ್ಲನೆ ನೆಲ ಮುಟ್ಟಿತು. ನಮ್ಮ ಭೋವಿ ಹಿರಿಯರು ಚಕ್ಕೆ ಕೊಟ್ಟು ಏರಿಸುವುದನ್ನೇ ಇಲ್ಲಿ ಹತ್ತಿ ತೆಗೆದು ಇಳಿಸಿದರು. ಕಂಬಕ್ಕೆ ಜೊಂಡು, ಹಸಿ ತೊಗಲು ಸುತ್ತಿ 42 ಗಾಲಿಗಳ ಗಾಡಿಗೆ ಏರಿಸಿದರು. ಒಂದೊಂದು ಗಾಲಿಗೂ ಒಂದೊಂದು ಹಗ್ಗ, ಒಂದೊಂದು ಹಗ್ಗಕ್ಕೆ 200 ಜನ. ಅಂದರೆ 8400 ಜನ ಒಟ್ಟಿಗೆ! ಯಮುನೆಯ ದಡದಲ್ಲಿ ದೊಡ್ಡ ದೋಣಿಗಳನ್ನು ಸೇರಿಸಿ ಅದರ ಮೇಲೆ ಹೊರಳಿಸಿ ಫಿರೋಜಾಬಾದಿಗೆ ತಂದರು.

ನಿಲ್ಲಿಸುವ ಕೆಲಸವನ್ನು ಅಫೀಫ್ ಇನ್ನೂ ವಿವರವಾಗಿ ಹೇಳುತ್ತಾನೆ. ದಪ್ಪ ಹಗ್ಗಗಳನ್ನು ಕಂಬದ ತುದಿಗೆ ಬಿಗಿದು, ಇನ್ನೊಂದು ತುದಿಗಳನ್ನು ನೆಲಕ್ಕೆ ಭದ್ರವಾಗಿ ಕೂರಿಸಿದ ತಿರುಗುಗಾಲಿಗಳಿಗೆ ಸುತ್ತಿದರು. ಗಾಲಿಗಳನ್ನು ತಿರುಗಿಸಿದಾಗ ಕಂಬ ಅರ್ಧ ಗಜ ಏಳುತ್ತಿತ್ತು. ಎದ್ದೊಡನೆ ಅದು ಮತ್ತೆ ಕುಸಿಯದಂತೆ ಕೆಳಗೆ ಮರದ ದಿಮ್ಮಿಗಳನ್ನೂ ಹತ್ತಿಯ ಚೀಲಗಳನ್ನೂ ತುರುಕುತ್ತಿದ್ದರು. ಹಾಗೆ ಹಲವು ದಿನಗಳಾದ ಮೇಲೆ ಕಂಬ ನೆಟ್ಟಗಾಯಿತು. ನೆಟ್ಟಗಾದ ಮೇಲೂ ಸುತ್ತ ದೊಡ್ಡ ತೊಲೆಗಳನ್ನು ಪಂಜರದಂತೆ ಆನಿಸಿದರು. ಆರು ನೂರು ವರ್ಷ ಹಿಂದಿನ ದೆಹಲಿಗೂ ನಮ್ಮೂರ ಚಾವಡಿಗೂ ಕೆಲಸದ ಹದ ಒಂದೇ. ಸ್ವಲ್ಪ ಎತ್ತು, ತುರುಕು, ಉಸಿರು ಬಿಡು, ಮತ್ತೆ ಎತ್ತು. ಆ ಕಂಬದ ಮೇಲಿನ ಬರಹ ಅಂದು ಯಾರಿಗೂ ಓದಲು ಬಾರದಾಗಿತ್ತು. ಅದು ಬುದ್ಧನ ದಾರಿ ಹಿಡಿದ ಅರಸನ ಮಾತು ಎಂದು ಪ್ರಿನ್ಸೆಪ್ ಓದಿ ಹೇಳಲು 1837 ಬರಬೇಕಾಯಿತು. ಓದಲು ಬಾರದ ಬರಹವನ್ನು ಅಷ್ಟು ಜೋಪಾನವಾಗಿ ತಂದ ಆ 8400 ಜನರ ಮೇಲೆ ನಮಗೆ ಮರ್ಯಾದೆ ಹೆಚ್ಚು. ಫಿರೋಜ್ ಷಾನ ಮೇಲೆ ಅಷ್ಟಿಲ್ಲ.

ಉರ್ದುವಿನಲ್ಲಿ ಈ ವಿದ್ಯೆಗೆ "ಜರ್ರೆ ಸಕೀಲ್" ಎಂದು ಹೆಸರು. ಜರ್ ಎಂದರೆ ಎಳೆತ, ಸಕೀಲ್ ಎಂದರೆ ಭಾರವಾದದ್ದು. ನಮ್ಮ ನಾನಿ ಅರಗದ ಊಟಕ್ಕೂ ಸಕೀಲ್ ಎನ್ನುತ್ತಿದ್ದರು. ಅದೇ ಶಬ್ದ ಒಂದು ಶಾಸ್ತ್ರದ ಹೆಸರಿನಲ್ಲಿರುವುದು ಗೊತ್ತಾದಾಗ ನಗು ಬಂತು. ಈ ಶಾಸ್ತ್ರಕ್ಕೆ ದೊಡ್ಡ ಚರಿತ್ರೆಯೇ ಇದೆ. ಅಲೆಕ್ಸಾಂಡ್ರಿಯಾದ ಹೆರೊನ್ ಎಂಬ ಗ್ರೀಕ್ ಪಂಡಿತ ಭಾರ ಎತ್ತುವ ಯಂತ್ರಗಳ ಮೇಲೆ ಬರೆದ ಪುಸ್ತಕದ ಗ್ರೀಕ್ ಮೂಲ ಕಳೆದುಹೋಗಿದೆ. ಅದು ಪೂರ್ತಿಯಾಗಿ ಉಳಿದದ್ದು ಅರಬ್ಬಿಯಲ್ಲಿ. ಒಂಬತ್ತನೆಯ ಶತಮಾನದಲ್ಲಿ ಅದನ್ನು ಅರಬ್ಬಿಗೆ ತಂದವನು ಕುಸ್ತಾ ಇಬ್ನ್ ಲೂಕಾ. ಆತ ಬಾಲಬಕ್ಕಿನ ಕ್ರೈಸ್ತ. ಕೆಲಸ ಮಾಡಿದ್ದು ಅಬ್ಬಾಸಿ ಖಲೀಫರ ಕಾಲದಲ್ಲಿ. ಸನ್ನೆಗೋಲು, ರಾಟೆ, ಅಚ್ಚುಗಾಲಿ, ಬೆಣೆ, ತಿರುಪು ಎಂಬ ಐದು ಮೂಲ ಉಪಕರಣಗಳು, ಒಂದು ಕಾಲಿನಿಂದ ನಾಲ್ಕು ಕಾಲಿನವರೆಗಿನ ಎತ್ತುಗಂಬಗಳು ಅದರಲ್ಲಿವೆ. ಹೊಯ್ಸಳರ ಅರಳಗುಪ್ಪೆ ಆಗ ಇನ್ನೂ ಎದ್ದಿರಲಿಲ್ಲ.

ಈ ಐದು ಉಪಕರಣಗಳ ವಿಷಯ ಉರ್ದುವಿಗೆ ಬಂದದ್ದು 1844ರಲ್ಲಿ, ಸರ್ ಸಯ್ಯದ್ ಅಹ್ಮದ್ ಖಾನರ ಕೈಯಲ್ಲಿ. ಅಲೀಗಢ ಕಾಲೇಜಿನ ಸರ್ ಸಯ್ಯದರೇ. ಪರ್ಷಿಯನ್ನಿನ ಒಂದು ಸಣ್ಣ ಗ್ರಂಥವನ್ನು ಅವರು ಉರ್ದುವಿಗೆ ತಿರುಗಿಸಿದರು. ಅವರ ಬಗ್ಗೆ ಹಾಲಿ ಬರೆದ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ದೆಹಲಿಯ ಕಟ್ಟಡಗಳ ಮೇಲೆ ಪುಸ್ತಕ ಬರೆಯುವಾಗ ಕುತುಬ್ ಮಿನಾರಿನ ಮೇಲಿನ ಬರಹಗಳನ್ನು ಓದಲು, ಎರಡು ಸಾರುವೆ ಕಂಬಗಳ ನಡುವೆ ಬುಟ್ಟಿ ತೂಗುಹಾಕಿಸಿ ಅದರಲ್ಲಿ ಕೂತು ಮೇಲೆ ಹೋಗುತ್ತಿದ್ದರಂತೆ. ಕೆಳಗೆ ನಿಂತ ಗೆಳೆಯ ಇಮಾಮ್ ಬಖ್ಶ್ ಸಹಬಾಯಿಯವರ ಮುಖ ಹೆದರಿಕೆಯಿಂದ ಬಿಳಿಚಿಕೊಳ್ಳುತ್ತಿತ್ತಂತೆ. ಭಾರದ ಶಾಸ್ತ್ರವನ್ನು ಅನುವಾದ ಮಾಡಿದ ಮನುಷ್ಯ ತನ್ನ ಭಾರವನ್ನೂ ಅದಕ್ಕೆ ಒಪ್ಪಿಸಿದ್ದ.

ಕಂಬ ತೊಲೆಗಳ ಕಟ್ಟಡದಲ್ಲಿ ಕಷ್ಟವೆಲ್ಲ ಎತ್ತುವುದರಲ್ಲಿ. ಕೂತ ಮೇಲೆ ಕಲ್ಲು ತನ್ನ ಭಾರಕ್ಕೇ ನಿಲ್ಲುತ್ತದೆ. ಕಮಾನು ಗುಮ್ಮಟಗಳ ಕಥೆ ತಿರುಗುಮುರುಗು. ಇಟ್ಟಿಗೆಯನ್ನು ಮಕ್ಕಳೂ ಎತ್ತಿಯಾರು. ಆದರೆ ಕಮಾನಿನ ಎರಡು ತೋಳು ನಡುವೆ ಸೇರಿ, ಗಾರೆ ಹಿಡಿಯುವ ತನಕ ಅದಕ್ಕೆ ನಿಲ್ಲುವ ಶಕ್ತಿಯಿಲ್ಲ. ಅಲ್ಲಿಯವರೆಗೆ ಕೆಳಗೆ ಮರದ ಆಸರೆ ಬೇಕು. ಹಾಗಾಗಿ ಗುಡಿ ಕಟ್ಟುವವನ ನಿದ್ದೆ ಕೆಡಿಸುವುದು ಹಗ್ಗ, ಗುಮ್ಮಟ ಕಟ್ಟುವವನ ನಿದ್ದೆ ಕೆಡಿಸುವುದು ಆಸರೆ. ಬಿಜಾಪುರದ ಗೋಳಗುಮ್ಮಟದ ಒಳ ಅಗಲ 124 ಅಡಿಯಷ್ಟು. ಅಷ್ಟು ದೊಡ್ಡ ಬಯಲಿಗೆ ಕೆಳಗಿನಿಂದ ಮರ ನಿಲ್ಲಿಸಲು ಯಾವ ಕಾಡು ಸಾಕಾಗುತ್ತಿತ್ತು? ಅದರ ಕುಶಲಿಗಳು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿ ಬಯಲನ್ನೇ ಕಿರಿದು ಮಾಡಿದರು. ಅದರ ಮೇಲೆ ಇಟ್ಟಿಗೆಯ ವರಸೆಗಳನ್ನು ದಪ್ಪ ಗಾರೆಯಲ್ಲಿ ಅಡ್ಡಡ್ಡ ಕೂರಿಸುತ್ತ ಹೋದರು. ನೆತ್ತಿಯ ಹತ್ತಿರ ಮಾತ್ರ ಆಸರೆ ಬೇಕಾಗಿದ್ದಿರಬಹುದೆಂದು ಬಲ್ಲವರ ಅಭಿಪ್ರಾಯ. ಗಂಜಾಮಿನ ಗುಂಬಜಿನಲ್ಲಿ ಈ ಎರಡು ವಿದ್ಯೆಗಳೂ ಒಂದೇ ಸೂರಿನಡಿ ಇವೆ. ಹೊರಗೆ ಎತ್ತಿ ನಿಲ್ಲಿಸಿದ ತುರುವೇಕೆರೆಯ ಕಂಬಗಳು, ನಡುವೆ ಆನಿಸಿ ಕಟ್ಟಿದ ಗುಮ್ಮಟ.

ಆಸರೆಯ ವಿದ್ಯೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ತಾಯಿಯ ತಮ್ಮ, ಮಾಮೂ, ಸೆಂಟ್ರಿಂಗ್ ಮೇಸ್ತ್ರಿ. ತಾರಸಿ ಹಾಕುವ ಮುಂಚೆ ಕೆಳಗೆ ತಗಡು ಹಲಗೆಗಳ ಹಾಸು ಮಾಡಿ, ಅದನ್ನು ಸರ್ವೆ ಗಳುಗಳ ಮೇಲೆ ನಿಲ್ಲಿಸುವ ಕೆಲಸ. ನಮ್ಮೂರಿನ ಕಡೆ ಗಳು ಸಾಲದೆ ಹೋದರೆ ಅಡಿಕೆ ಮರ, ತೆಂಗಿನ ತುಂಡು, ಕೈಗೆ ಸಿಕ್ಕಿದ್ದೆಲ್ಲ ನಿಲ್ಲುತ್ತಿತ್ತು. ಗಳುವಿನ ಬುಡಕ್ಕೆ ಎರಡು ಬೆಣೆಗಳನ್ನು ಎದುರುಬದುರು ಹೊಡೆದು ಎತ್ತರ ಸರಿಮಾಡುತ್ತಿದ್ದರು. ಕುಸ್ತಾನ ಐದು ಉಪಕರಣಗಳಲ್ಲಿ ಒಂದು ಹೀಗೆ ನಮ್ಮ ಮಾಮೂನ ಚೀಲದಲ್ಲಿತ್ತು. ತಾರಸಿ ಹಾಕಿದ ದಿನ ಮಾಲೀಕರು ಎಲ್ಲರಿಗೂ ಬಾಡೂಟವನ್ನೋ ಸಿಹಿಯನ್ನೋ ಕೊಡುತ್ತಾರೆ. ಸೆಂಟ್ರಿಂಗ್ ಬಿಚ್ಚುವ ದಿನ ಯಾರೂ ಬರುವುದಿಲ್ಲ. ಅಪಾಯವಿರುವುದು ಆ ದಿನ. ನಮ್ಮ ದೇಶದ ಕಾಂಕ್ರೀಟ್ ನಿಯಮದ ಪುಸ್ತಕ, ಐ.ಎಸ್. 456, ಇದಕ್ಕೆ ಲೆಕ್ಕ ಕೊಟ್ಟಿದೆ. ನಾಲ್ಕೂವರೆ ಮೀಟರಿನೊಳಗಿನ ತಾರಸಿಗೆ ಆಸರೆ ಕನಿಷ್ಠ 7 ದಿನ, ಅದಕ್ಕೆ ಮೇಲ್ಪಟ್ಟರೆ 14. ಆರು ಮೀಟರ್ ಮೀರಿದ ತೊಲೆಗೆ 21. ಮಾಮೂಗೆ ಪುಸ್ತಕ ಗೊತ್ತಿರಲಿಲ್ಲ, ದಿನಗಳು ಗೊತ್ತಿದ್ದವು. ಒಂದು ಅಮಾವಾಸ್ಯೆಯಿಂದ ಹುಣ್ಣಿಮೆ ಎಂದು ಎಣಿಸುತ್ತಿದ್ದರು.

ಒಂದು ಸಲ ಬೇರೊಂದು ಊರಿನಲ್ಲಿ, ಉದ್ದನೆಯ ಮುಂಭಾಗದ ಕಟ್ಟಡವೊಂದರ ಕೆಲಸ. ಊರಿನ ಹೆಸರು, ಕಟ್ಟಡದ ಹೆಸರು ಬೇಡ. ಗಳುಗಳು ಇನ್ನೊಂದು ಕಡೆಗೆ ಬೇಕಾಗಿದ್ದವು. ಹನ್ನೊಂದನೆಯ ದಿನಕ್ಕೇ ಬಿಚ್ಚಲು ಹೇಳಿದರು. ಮಾಮೂ ಆಗದೆಂದರು. ಆಗದಿದ್ದರೆ ಬೇರೆಯವರು ಬಿಚ್ಚುತ್ತಾರೆ ಎಂಬ ಮಾತು ಬಂತು. ಜೊತೆಗಿದ್ದ ಹುಡುಗರನ್ನು ಹೊರಗೆ ಕಳಿಸಿ ತಾವೇ ಒಳಗೆ ಹೋದರು. ನಾಲ್ಕನೆಯ ಗಳು ಸಡಿಲವಾದಾಗ ತೊಲೆಯ ತುದಿ ಇಳಿಯಿತು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಗ ಮಾಮೂಗೆ ಮೂವತ್ತೆಂಟು. ಕಟ್ಟಡ ಕಾರ್ಮಿಕರಿಗೆಂದು ದೇಶದಲ್ಲಿ ಪ್ರತ್ಯೇಕ ಕಾಯ್ದೆ ಬಂದದ್ದು 1996ರಲ್ಲಿ, ಅದರ ಪ್ರಕಾರ ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ರೂಪುಗೊಂಡದ್ದು ಅದರ ಹತ್ತು ವರ್ಷದ ಮೇಲೆ. ಮಾಮೂನ ಕಾಲು ಅವೆಲ್ಲಕ್ಕೂ ಮುಂಚಿನದು. ಕೈಗೆ ಬಂದದ್ದು ಆಸ್ಪತ್ರೆಯ ಖರ್ಚಿನಲ್ಲಿ ಅರ್ಧ. ಆ ಕಟ್ಟಡ ಈಗಲೂ ಇದೆ, ಚೆನ್ನಾಗಿಯೇ ಇದೆ. ಬಾಗಿಲಲ್ಲಿ ಅಮೃತಶಿಲೆಯ ಫಲಕ, ಉದ್ಘಾಟಿಸಿದವರ ಹೆಸರು.

ಕಳೆದ ಬೇಸಗೆಯಲ್ಲಿ ಮಗಳಿಗೆ ಉತ್ತರ ಹೇಳುವ ಸಲುವಾಗಿ ಮತ್ತೆ ಗುಂಬಜಿಗೆ ಹೋದೆವು. ಮಾಮೂನನ್ನೂ ಕರೆದುಕೊಂಡಿದ್ದೆವು. ಎಪ್ಪತ್ತು ದಾಟಿದ್ದಾರೆ. ಊರುಗೋಲು ಊರಿಕೊಂಡು ಒಳಗೆ ಹೋಗಿ, ಫಾತಿಹಾ ಓದಿ, ತಲೆಯೆತ್ತಿ ಗುಮ್ಮಟದ ಒಳಮೈಯನ್ನು ಬಹಳ ಹೊತ್ತು ನೋಡಿದರು. ಹುಲಿಪಟ್ಟೆಯ ಬಣ್ಣ ನೋಡುತ್ತಿದ್ದಾರೆಂದು ನಾವು ತಿಳಿದೆವು. "ಬಿಚ್ಚಿದವರು ಯಾರಿಗೂ ಏನೂ ಆಗಲಿಲ್ಲ ತಾನೇ?" ಎಂದು ಕೇಳಿದರು. ನಾವೇನು ಹೇಳುವುದು?

ಹೊರಗೆ ಬಂದು ಕಂಬಗಳ ಬಳಿ ನಿಂತು ಮಗಳಿಗೆ ತುರುವೇಕೆರೆಯ ಕಲ್ಲಿನ ವಿಷಯ ಹೇಳಿದೆವು. ಅವಳು ಕಂಬದಲ್ಲಿ ತನ್ನ ಮುಖ ನೋಡಿಕೊಂಡು, "ಹಾಗಾದ್ರೆ ಇದು ನಮ್ಮೂರ್ ಕಡೇದು" ಎಂದಳು. ಅಷ್ಟರಲ್ಲಿ ಮಾಮೂ ಊರುಗೋಲು ಕೆಳಗಿಟ್ಟು, ಕಷ್ಟಪಟ್ಟು ಕೂತು, ಕಂಬದ ಬುಡದ ಸುತ್ತ ಬೆರಳಾಡಿಸುತ್ತಿದ್ದರು.

"ಏನು ಹುಡುಕ್ತಿದೀರಿ ಮಾಮೂ?" ಎಂದೆವು.

"ಕೆಳಗೆ ಯಾವನೋ ಚಕ್ಕೆ ಕೊಟ್ಟಿರಬೇಕಲ್ಲ" ಎಂದರು.

ದೂರದಿಂದ ಕಾವಲಿನವನು ಕೈ ಬೀಸಿದ. ಕಂಬ ಮುಟ್ಟಬಾರದಂತೆ.